ಪಕ್ಕದ ಮನೆಯಲ್ಲಿಟ್ಟ ಲಿನಕ್ಸು

ಕೆಲಸ ಮಾಡುವುದಕ್ಕಿಂತ ಆ ಕೆಲಸಕ್ಕೊಂದು ದಿನ ಗೊತ್ತುಮಾಡುವುದೇ ಕಷ್ಟ ಎನ್ನುವುದು ನನ್ನ ಬಹುಕಾಲದ ಅನುಭವ. ಹೋದ ವರ್ಷ ನಮ್ಮ ಮನೆಗೆ ಸುಣ್ಣಬಣ್ಣ ಮಾಡಿಸಲು ಹಿಡಿದದ್ದು ಬರೀ ಎರಡು ದಿನ. ಆ ಎರಡು ದಿನ ಯಾವುದು ಎಂದು ತೀರ್ಮಾನಿಸಲು ಮಾತ್ರ ದೀಪಾವಳಿಯಿಂದ ಯುಗಾದಿಯವರೆಗೆ ಮಾತುಕತೆ ನಡೆಯಿತು. ಬಣ್ಣದವನು ಬಿಡುವಾಗಿದ್ದಾಗ ನಮ್ಮ ಯಜಮಾನರಿಗೆ ಶೀತ, ಅವರ ಶೀತ ಹೋದಾಗ ನನ್ನ ಕಾರ್ಖಾನೆಯಲ್ಲಿ ಸ್ಟಾಕ್ ಎಣಿಕೆ, ಎಣಿಕೆ ಮುಗಿದಾಗ ಬಣ್ಣದವನ ನಾದಿನಿಗೆ ಹೆರಿಗೆ. ಕೊನೆಗೆ ಯಾರೂ ಏನೂ ಗೊತ್ತುಮಾಡದ ಒಂದು ಬೆಳಿಗ್ಗೆ ಅವನೇ ಏಣಿ ಹೊತ್ತು ಬಾಗಿಲಲ್ಲಿ ನಿಂತ. ನಾವು ಹಾಸಿಗೆ ಸುತ್ತಿಕೊಂಡು ದಾರಿ ಬಿಟ್ಟೆವು. ಇಂಥ ಸಂಸಾರದ ಹೆಂಗಸಿನ ತಲೆಗೆ ಒಂದು ಆಪರೇಟಿಂಗ್ ಸಿಸ್ಟಮಿನ ಮುಂದಿನ ಬಿಡುಗಡೆಗೆ ದಿನ ಗೊತ್ತುಮಾಡುವ ಹೊಣೆ ಕಟ್ಟಿದವರ ಧೈರ್ಯವನ್ನು ಮೆಚ್ಚಲೇಬೇಕು.

ಆಪರೇಟಿಂಗ್ ಸಿಸ್ಟಮ್ ಎಂದರೆ ಗಾಬರಿಯಾಗುವವರಿಗೆ ನಾನು ಹೀಗೆ ಹೇಳುತ್ತೇನೆ: ಕಂಪ್ಯೂಟರು ಒಂದು ಮನೆಯಾದರೆ ಅದು ಆ ಮನೆಯ ಗೃಹಿಣಿ. ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಅವಳು ಇದ್ದಾಳೆಂಬುದೇ ಯಾರಿಗೂ ನೆನಪಿರುವುದಿಲ್ಲ. ಒಂದು ದಿನ ಮಲಗಿದಳೋ, ಮನೆಮಂದಿಯೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿಬಾಯಿ ಬಿಡುತ್ತಾರೆ. ಲಿನಕ್ಸ್ ಎನ್ನುವುದು ಇಂಥ ಗೃಹಿಣಿಯರಲ್ಲೊಂದು ಜಾತಿ. ಅದನ್ನು ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು, ತಮ್ಮ ಮನೆಗೆ ತಕ್ಕಂತೆ ತಿದ್ದಿ, ಬೇರೆಯವರಿಗೂ ಕೊಡಬಹುದು. ಮೂರು ಭಾಷೆ ಕೂಡುವ ತಮಿಳುನಾಡಿನ ಗಡಿಯ ಹೊಸೂರಿನಲ್ಲಿ ನಾವು ಮೂರು ನಾಲ್ಕು ಜನ ಸೇರಿ ಹಾಗೆ ತಿದ್ದಿಕೊಂಡಿರುವುದಕ್ಕೆ ‘ಹೊಂಗೆ’ ಎಂದು ಹೆಸರು. ಹಳೆಯ, ಬಡಕಲು ಕಂಪ್ಯೂಟರುಗಳಲ್ಲೂ ನಡೆಯುತ್ತದೆ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಮಾತಾಡುತ್ತದೆ. ವರ್ಷಕ್ಕೊಂದು ಹೊಸ ಆವೃತ್ತಿ ಹೊರಡುತ್ತದೆ. ಪ್ರತಿಯೊಂದಕ್ಕೂ ನಮ್ಮ ಮಾರ್ಕೆಟ್ಟಿಗೆ ಬರುವ ತರಕಾರಿಯ ಹೆಸರು. ‘ಟೊಮೆಟೊ’ ಎಂದು ಬಿಟ್ಟ ವರ್ಷ ನಿಜವಾದ ಟೊಮೆಟೊ ಬೆಲೆಯ ಹಾಗೆಯೇ ಅದೂ ನೆಲಕ್ಕೆ ಬಿತ್ತು. ಆಮೇಲಿನ ‘ಹೂಕೋಸು’ ಪರವಾಗಿಲ್ಲ ಅನ್ನಿಸಿಕೊಂಡಿತು. ಈಗ ಬರಬೇಕಾಗಿದ್ದದ್ದು ‘ಬೀನ್ಸ್’.

ನಾನು ಇದರೊಳಗೆ ಬಂದದ್ದು ತಕರಾರಿನ ದಾರಿಯಲ್ಲಿ. ನಾನೊಬ್ಬ ಕಾರ್ಖಾನೆ ಸ್ಟೋರ್ಸಿನ ಹೆಂಗಸು. ಬೋಲ್ಟು ನಟ್ಟು ಒಳಗೆ ಬಂದದ್ದು ಹೊರಗೆ ಹೋದದ್ದು ನೋಡುವುದು ನನ್ನ ಕೆಲಸ. ನಮ್ಮ ಹಿಂದಿನ ಬೀದಿಯ ಕುಮರೇಸನ್ ಒಂದು ದಿನ ನಮ್ಮ ಮನೆಯ ಹಳೇ ಕಂಪ್ಯೂಟರಿಗೆ ಹೊಂಗೆ ಹಾಕಿಕೊಟ್ಟ. ಮರುವಾರ ನಾನು ಅವನಿಗೆ ಒಂದು ದೂರು ಬರೆದೆ: ‘ಹಾಲು ಒಲೆಯ ಮೇಲಿಟ್ಟು ಬಂದು ಕಂಪ್ಯೂಟರ್ ಹಚ್ಚಿದೆ. ಹಾಲು ಉಕ್ಕಿ, ಒಲೆ ಒರೆಸಿ, ಬಟ್ಟೆ ಹಿಂಡಿ ಹಾಕಿ ಬಂದರೂ ಇದು ಇನ್ನೂ ಎದ್ದಿಲ್ಲ.’ ಬೇರೆಯವರು ‘ನಿಧಾನ’ ಎಂದು ಒಂದು ಪದ ಬರೆಯುವ ಕಡೆ ನಾನು ಹಾಲು ಬಟ್ಟೆ ಎಲ್ಲ ಬರೆದದ್ದು ಅವರಿಗೆ ಬಹಳ ಹಿಡಿಸಿತಂತೆ. ಕುಮರೇಸನ್ನನ ಗೆಳೆಯ, ಬಾಗಲೂರಿನ ಹತ್ತಿರ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುವ ಮುನಿರಾಜು, ಅದರ ಒಳಗನ್ನೆಲ್ಲ ಕೆದಕಿ ನೋಡಿ ಸರಿಮಾಡಿ ‘ಅಕ್ಕಾ, ಈಗ ಹಾಲಿಗಿಂತ ಮುಂಚೆ ಏಳುತ್ತೆ ನೋಡಿ’ ಎಂದು ಹೇಳಿಕಳಿಸಿದ. ಏಳುತ್ತಿತ್ತು. ಅಲ್ಲಿಂದ ನಾನು ಹೊಂಗೆಯವಳಾದೆ. ಕಸದಬುಟ್ಟಿ, ಕಡತ, ಅಂಟಿಸು, ಅಳಿಸು ಎಂದು ಕನ್ನಡದ ಪದಗಳನ್ನು ಕೂರಿಸುತ್ತ ಇದ್ದವಳನ್ನು ಈ ಸಲ ಬಿಡುಗಡೆಯ ಯೋಜನೆಗೇ ಕೂರಿಸಿದರು. ಕಾರಣ ಕೇಳಿದರೆ ಕುಮರೇಸನ್ ನಮ್ಮ ನಡುಮನೆಯ ಗೋಡೆ ತೋರಿಸಿದ. ‘ಅಕ್ಕಾ, ನಿಮ್ಮನೇಲಿ ಮೂರು ಕ್ಯಾಲೆಂಡರ್ ಇದಾವೆ. ನಮ್ಮ್ಯಾರ ಮನೇಲೂ ಒಂದಕ್ಕಿಂತ ಹೆಚ್ಚಿಲ್ಲ.’

ಅದೇನೋ ನಿಜ. ಒಂದು ಕನ್ನಡದ್ದು. ಇನ್ನೊಂದು ಅಕ್ಕಿ ಅಂಗಡಿಯವರು ಕೊಟ್ಟ, ದಿನಕ್ಕೊಂದು ಹಾಳೆ ಹರಿಯುವ ತಮಿಳಿನದ್ದು. ಮೂರನೆಯದು ಮುನಿರಾಜು ಕುಪ್ಪಂ ಕಡೆಯಿಂದ ತಂದುಕೊಟ್ಟ ತೆಲುಗಿನದ್ದು. ಗ್ಯಾಸ್ ಬಂದದ್ದು, ಯಜಮಾನರು ಬಿಪಿ ತೋರಿಸಿದ್ದು, ಹಾಲಿನವನು ಕೈಕೊಟ್ಟದ್ದು, ಎಲ್ಲವನ್ನೂ ಅವುಗಳ ಮೇಲೆ ಬರೆದಿಡುವುದು ನನ್ನ ಚಾಳಿ. ಆದದ್ದನ್ನು ಬರೆದಿಡುವವಳಿಗೆ ಆಗಬೇಕಾದ್ದನ್ನು ಗೊತ್ತುಮಾಡಲೂ ಬರುತ್ತದೆ ಎಂದು ಅವರು ನಂಬಿದರು. ಅದಕ್ಕಿಂತ ಆಶ್ಚರ್ಯವೆಂದರೆ, ನಾನೂ ನಂಬಿದೆ.

ಮೇ ತಿಂಗಳ ಒಂದು ಭಾನುವಾರ ನಮ್ಮ ನಡುಮನೆಯಲ್ಲಿ ಸಭೆ ಸೇರಿತು. ಕುಮರೇಸನ್, ಮುನಿರಾಜು ಇಬ್ಬರೂ ಬಂದರು. ಸೂಳಗಿರಿಯಿಂದ ಪಾರ್ವತಮ್ಮ ಬಸ್ಸಿನಲ್ಲಿ ಬಂದಳು. ಪಾರ್ವತಮ್ಮನ ವಿಷಯ ಹೇಳಲೇಬೇಕು. ಹೊಸೂರಿನ ಹತ್ತಿರದ ತಳಿ ಎಂಬ ಊರಿನ ಕಡೆಯ ಬೇಸಾಯದ ಮನೆಯ ಹೆಣ್ಣು. ಸೂಳಗಿರಿಯ ಹೈವೇ ಪಕ್ಕದಲ್ಲಿ ಮಹಡಿಯ ಮೇಲೆ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಾಳೆ. ಸುತ್ತಲಿನ ಹಳ್ಳಿಗಳ ಹೆಂಗಸರು ಅಲ್ಲಿ ಕಲಿತು, ಆನ್‌ಲೈನಿನಲ್ಲಿ ಒಂದು ಪರೀಕ್ಷೆ ಬರೆದು, ಹೊಸದಾಗಿ ಎದ್ದಿರುವ ಕಾರ್ಖಾನೆಗಳಲ್ಲಿ ಬಿಲ್ಲಿಂಗು, ಡಿಸ್ಪ್ಯಾಚು ಎಂದು ಕುರ್ಚಿಯ ಮೇಲಿನ ಕೆಲಸಕ್ಕೆ ಸೇರುತ್ತಾರೆ. ಅವಳ ಕಂಪ್ಯೂಟರುಗಳೆಲ್ಲ ಯಾವುದೋ ಆಫೀಸಿನವರು ಬೇಡವೆಂದು ಕೈಬಿಟ್ಟವು. ಹೊಂಗೆ ಬಿಟ್ಟರೆ ಬೇರೇನೂ ಅವುಗಳ ಮೇಲೆ ನಡೆಯುವುದಿಲ್ಲ. ಈಗ ಪರೀಕ್ಷೆ ನಡೆಸುವ ವೆಬ್‌ಸೈಟಿನವರು ಆಗಸ್ಟಿನಿಂದ ಹಳೇ ಬ್ರೌಸರುಗಳನ್ನು ಒಳಗೆ ಬಿಡುವುದಿಲ್ಲವೆಂದು ಹೇಳಿಬಿಟ್ಟಿದ್ದರು. ಹೂಕೋಸಿನಲ್ಲಿದ್ದದ್ದು ಹಳೇ ಬ್ರೌಸರು. ಬೀನ್ಸಿನಲ್ಲಿ ಬರುವುದು ಹೊಸದು. ಅವಳ ಮುಂದಿನ ಬ್ಯಾಚು ಆಗಸ್ಟ್ ಮೊದಲ ವಾರದಲ್ಲಿ ಶುರು. ಅಷ್ಟರೊಳಗೆ ಬೀನ್ಸ್ ಬರದಿದ್ದರೆ ಬ್ಯಾಚೂ ಇಲ್ಲ, ಪರೀಕ್ಷೆಯೂ ಇಲ್ಲ, ಮಹಡಿಯ ಬಾಗಿಲಿಗೆ ಬೀಗ.

‘ನಂಗೆ ಹೊಸಾ ಐಕಾನು ಪೈಕಾನು ಯಾವ್ದೂ ಬ್ಯಾಡ. ಜುಲೈ ಮುಗಿಯೋದ್ರೊಳ್ಗೆ ಕೈಗೆ ಕೊಟ್ಬುಡಿ, ಸಾಕು’ ಎಂದು ಕೂತ ಕೂಡಲೇ ಹೇಳಿದಳು.

ಬಿಡುಗಡೆಯ ಯೋಜನೆಯಲ್ಲಿ ‘ಫ್ರೀಜ್’ ಎಂದೊಂದು ಇರುತ್ತದೆ. ಇಂಥ ದಿನದಿಂದಾಚೆ ಹೊಸದೇನನ್ನೂ ಸೇರಿಸುವ ಹಾಗಿಲ್ಲ, ಇರುವುದನ್ನು ಮಾತ್ರ ತೊಳೆದು ಬಳಿದು ಸರಿಮಾಡಬೇಕು. ಮದುವೆಮನೆಯಲ್ಲಿ ಅಡುಗೆ ಭಟ್ಟರಿಗೆ ಪಟ್ಟಿ ಕೊಟ್ಟ ಮೇಲೆ ಬಾಯಿ ಮುಚ್ಚಿಕೊಂಡಿರಬೇಕಲ್ಲ, ಹಾಗೆ. ಆದರೆ ಯಾವ ಮದುವೆಮನೆಯಲ್ಲಿ ಹಾಗಿದ್ದೇವೆ? ಮುನಿರಾಜು ಬಜ್ಜಿ ಬಾಯಲ್ಲಿಟ್ಟುಕೊಂಡೇ ‘ಫ್ರೀಜ್ ಜೂನ್ ಒಂದಕ್ಕೆ ಇಟ್ಕಳಾಣ, ಆನಂತ್ರ ಒಂದೇ ಒಂದು ಚಿಕ್ಕದು ಸೇರುಸ್ತೀನಿ’ ಎಂದ. ‘ಏನದು?’ ಎಂದೆ. ‘ಕರ್ನಲ್ಲು’ ಎಂದ. ಕರ್ನಲ್ ಎಂದರೆ ಇಡೀ ಸಿಸ್ಟಮಿನ ತಳಪಾಯ. ಗೃಹಪ್ರವೇಶದ ಹಿಂದಿನ ದಿನ ಮನೆಯ ಪಾಯ ಒಂದು ಬದಲಾಯಿಸುತ್ತೇನೆ, ಚಿಕ್ಕದು, ಎಂದ ಹಾಗೆ. ನಾನು ಬಜ್ಜಿಯ ತಟ್ಟೆಯನ್ನು ಅವನಿಂದ ಸ್ವಲ್ಪ ದೂರ ಸರಿಸಿದೆ. ಅವನು ಕರ್ನಲ್ ವಾಪಸು ತೆಗೆದುಕೊಂಡ.

ಆಮೇಲೆ ದಿನದ ಮಾತು ಬಂತು. ನಾನು ಸ್ಟೋರ್ಸಿನವಳ ಲೆಕ್ಕದಲ್ಲಿ ಜುಲೈ ಮಧ್ಯಕ್ಕೆ ಇಟ್ಟುಕೊಂಡರೆ ಎಲ್ಲರಿಗೂ ಕೈಬಿಡುವು ಎಂದೆ. ಅಲ್ಲಿಯವರೆಗೆ ಮೂಲೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ತಲೆ ಎತ್ತಿದರು. ಅವರ ಹೆಸರು ನಂಜುಂಡಪ್ಪ. ಟೂಲ್‌ರೂಮಿನಲ್ಲಿ ಇಡೀ ಜೀವಮಾನ ಕಬ್ಬಿಣ ಕೊರೆದು ನಿವೃತ್ತರಾದವರು; ಮೈಕ್ರಾನ್ ಲೆಕ್ಕದ ಮನುಷ್ಯ.

‘ಆಸಾಡದಾಗೆ ಹೊಸಾದು ಯಾವನಾನ ಬುಡ್ತಾನ?’ ಎಂದರು.

‘ಸಾರ್, ಇದು ಸಾಫ್ಟ್‌ವೇರು. ಇದುಕ್ಕೆಲ್ಲ ಆಷಾಢ ಏನು? ನಾನು ನಂಬೋದೇ ಇಲ್ಲ’ ಎಂದ ಕುಮರೇಸನ್. ನಮ್ಮ ಹುಡುಗ ಎಂದುಕೊಂಡೆ. ಅವನು ಒಂದು ಗುಟುಕು ಕಾಫಿ ಕುಡಿದು ‘ಆನಾ, ಆದ್ರೆ ನಿಮ್ಮ ಆಷಾಢ ಆಯ್ತಲ್ಲ, ಅದು ಅರ್ಧ ಆಗೋಷ್ಟರಲ್ಲಿ ನಮ್ಮ ಆಡಿ ತಿಂಗಳು ಶುರುವಾಗುತ್ತೆ. ಆಡಿಯಲ್ಲಿ ಮಾತ್ರ ಬೇಡ ಅಕ್ಕಾ. ನನಗೇನಿಲ್ಲ. ಅಮ್ಮ ಒಪ್ಪಲ್ಲ’ ಎಂದ.

‘ನಾನಂತೂ ಸೈನ್ಸ್ ಓದಿದೋನು’ ಎಂದ ಮುನಿರಾಜು. ‘ಅಯಿನಾ, ಆದ್ರೂ ಟೊಮೆಟೊ ನಾವು ಮಂಗಳವಾರ ಬಿಟ್ವಿ ಕದಾ? ಏನಾಯ್ತು?’

ಟೊಮೆಟೊವನ್ನು ನೆನೆದು ಎಲ್ಲರೂ ಗೋಡೆಯ ಕ್ಯಾಲೆಂಡರುಗಳ ಕಡೆ ತಿರುಗಿದರು.

ಒಂದು ಮಾತು ನಾನು ಅಂದು ಕಲಿತೆ. ನಮ್ಮ ಕಡೆ ಇಂಥವನ್ನು ನಂಬುವವರು ಯಾರೂ ಇಲ್ಲ. ಎಲ್ಲರ ಮನೆಯಲ್ಲೂ ಬೇರೆ ಯಾರೋ ಒಬ್ಬರು ನಂಬುತ್ತಾರೆ. ಕುಮರೇಸನ್ ಮನೆಯಲ್ಲಿ ಅವನ ತಾಯಿ, ಮುನಿರಾಜು ಮನೆಯಲ್ಲಿ ಅವನ ಹೆಂಡತಿ. ಆ ತಾಯಿಯನ್ನು ಕೇಳಿದರೆ ‘ನನಗೇನಮ್ಮ, ಮಗ ಬೇಜಾರು ಮಾಡ್ಕೋತಾನೆ’ ಎನ್ನುತ್ತಾರೆ. ಹೀಗೆ ಆ ನಂಬಿಕೆ ಯಾರ ಮನೆಯಲ್ಲೂ ನಿಲ್ಲದೆ ಊರೆಲ್ಲ ಸುತ್ತುತ್ತಿರುತ್ತದೆ.

ಅಂತೂ ಮೂರು ಕ್ಯಾಲೆಂಡರುಗಳನ್ನೂ ಗೋಡೆಯಿಂದ ಇಳಿಸಿ ನೆಲದ ಮೇಲೆ ಹರಡಿದೆವು. ಮುನಿರಾಜು ತೆಲುಗಿನದ್ದು, ಕುಮರೇಸನ್ ತಮಿಳಿನದ್ದು, ನಾನು ಕನ್ನಡದ್ದು. ಒಬ್ಬರಿಗೆ ಒಳ್ಳೆಯದಾದ ದಿನ ಇನ್ನೊಬ್ಬರಿಗೆ ಕೆಟ್ಟದ್ದು. ಅಮಾವಾಸ್ಯೆ ಎಂದರೆ ನಾನು ಕೈ ಬೀಸಿದೆ, ಕುಮರೇಸನ್ ‘ನಮಗೆ ಬಹಳ ಒಳ್ಳೇದಲ್ವಾ ಅಕ್ಕಾ’ ಎಂದ. ಪಾರ್ವತಮ್ಮ ಗೋಡೆಗೊರಗಿ ಕಣ್ಣುಮುಚ್ಚಿ ಕೂತಿದ್ದಳು. ಬಜ್ಜಿ ಮುಗಿದು, ಎರಡನೇ ಸಲದ ಕಾಫಿ ಆಗಿ, ಕೊನೆಗೂ ಆಷಾಢ ಹಿಡಿಯುವ ಮೊದಲು, ಜೂನ್ ತಿಂಗಳಲ್ಲಿ, ಒಂದು ಭಾನುವಾರ ಸಿಕ್ಕಿತು. ತಿಥಿ ಒಳ್ಳೆಯದು, ನಕ್ಷತ್ರ ಒಳ್ಳೆಯದು, ಮೂರು ಭಾಷೆಯಲ್ಲೂ ಒಳ್ಳೆಯದು. ಮೂವರೂ ಒಟ್ಟಿಗೆ ಬೆರಳಿಟ್ಟೆವು. ನಮ್ಮ ಯಜಮಾನರು ಕೂಡ ಕನ್ನಡಕ ಏರಿಸಿ ನೋಡಿ ‘ಇದು ದಿನ ಅಂದ್ರೆ’ ಎಂದರು. ನಾನು ಆ ಚೌಕಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ‘ಬೀನ್ಸ್’ ಎಂದು ಬರೆದೆ. ಯಾರಾದರೂ ನೋಡಿದ್ದರೆ ಅಂದು ನಮ್ಮನೆಯಲ್ಲಿ ಹುರುಳಿಕಾಯಿ ಪಲ್ಯ ಎಂದುಕೊಳ್ಳುತ್ತಿದ್ದರು.

ಇಲ್ಲೊಂದು ಸಣ್ಣ ವಿಷಯ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕನ್ನಡದವರಿಗೂ ತಮಿಳರಿಗೂ ತೆಲುಗರಿಗೂ ಒಟ್ಟಿಗೆ ಒಳ್ಳೆಯದಾದ, ಆಷಾಢಕ್ಕೆ ಮೊದಲಿನ ಕೊನೆಯ ಭಾನುವಾರವನ್ನು ನಾವು ಮಾತ್ರ ಹುಡುಕುತ್ತಿರಲಿಲ್ಲ. ಹೊಸೂರಿನಿಂದ ಕೃಷ್ಣಗಿರಿಯವರೆಗೆ ಹೆಣ್ಣು ಹೆತ್ತವರು, ಗಂಡು ಹೆತ್ತವರು, ಮನೆ ಕಟ್ಟಿಸಿದವರು ಎಲ್ಲರೂ ಅದೇ ಚೌಕದ ಮೇಲೆ ಬೆರಳಿಟ್ಟಿದ್ದರು.

ಲಗ್ನಪತ್ರಿಕೆಗಳು ಒಂದೊಂದಾಗಿ ಬರತೊಡಗಿದಾಗಲೂ ನನಗೆ ಅರ್ಥವಾಗಲಿಲ್ಲವೆಂದರೆ ನನ್ನ ಯೋಜನಾ ಸಾಮರ್ಥ್ಯ ಎಂಥದೆಂದು ಊಹಿಸಿಕೊಳ್ಳಿ. ಎಲ್ಲವನ್ನೂ ಅದೇ ಕೆಂಪು ಸುತ್ತಿನೊಳಗೆ ಚಿಕ್ಕದಾಗಿ ಬರೆಯುತ್ತ ಹೋದೆ. ದಿನ ಬಂದಾಗ ನಾನು ಬಾಗಲೂರು ರಸ್ತೆಯ ಒಂದು ಕಲ್ಯಾಣಮಂಟಪದಲ್ಲಿ ಸಾಲಿನಲ್ಲಿ ನಿಂತಿದ್ದೆ, ಕೈಯಲ್ಲಿ ಉಡುಗೊರೆಯ ಸ್ಟೀಲ್ ಪಾತ್ರೆ, ಹೆಗಲಿಗೆ ಲ್ಯಾಪ್‌ಟಾಪು. ಬಿಡುಗಡೆಗೆ ಮೂರು ಕೈ ಬೇಕು. ಮುನಿರಾಜು ಇದು ನಮ್ಮದೇ ಎಂದು ಡಿಜಿಟಲ್ ಸಹಿ ಹಾಕಬೇಕು, ಕುಮರೇಸನ್ ಸರ್ವರಿಗೆ ಏರಿಸಬೇಕು, ನಾನು ಪ್ರಕಟಣೆ ಹೊರಡಿಸಬೇಕು.

ಮುನಿರಾಜುಗೆ ಫೋನ್ ಮಾಡಿದೆ. ‘ಅಕ್ಕೋ, ಇವತ್ತು ಒಂದು ರೋಜಾಗೆ ಇರೋ ರೇಟು ಜನ್ಮದಾಗೆ ನೋಡಿಲ್ಲ! ಕೈ ತುಂಬಾ ಮುಳ್ಳು, ಸಹಿ ಎಲ್ಲಿ ಹಾಕ್ಲಿ?’ ಎಂದು ಕೂಗಿದ. ಹಿಂದೆ ಯಾರೋ ‘ಇನ್ನೊಂದು ಕ್ರೇಟ್ ಎತ್ತಯ್ಯಾ’ ಎನ್ನುತ್ತಿದ್ದರು. ಕುಮರೇಸನ್ನನಿಗೆ ಮಾಡಿದೆ. ಅವನು ಕೃಷ್ಣಗಿರಿಯಲ್ಲಿ, ನಾದಿನಿಯ ಮದುವೆಯಲ್ಲಿ. ನಾಗಸ್ವರದ ನಡುವೆ ಅವನ ದನಿ ತುಂಡುತುಂಡಾಗಿ ಬಂತು: ‘ಅಕ್ಕಾ... ಊಟದ ಹಾಲ್ ನಂದೇ ಜವಾಬ್ದಾರಿ... ಸಾಂಬಾರ್... ಸಾಯಂಕಾಲ ಸೆರಿ...’ ಸಾಯಂಕಾಲ ಆರತಕ್ಷತೆ. ನನಗೂ ಇನ್ನೆರಡು ಮದುವೆ ಬಾಕಿ. ಸೂಳಗಿರಿಯಿಂದ ಪಾರ್ವತಮ್ಮ ಗಂಟೆಗೊಮ್ಮೆ ‘ಬಂತಾ?’ ಎಂದು ಮೆಸೇಜು ಕಳಿಸುತ್ತಿದ್ದಳು. ನಾನು ಪ್ರತಿಸಲ ‘ಹೊರಡ್ತಾ ಇದೆ’ ಎಂದು ಉತ್ತರಿಸುತ್ತಿದ್ದೆ, ನಮ್ಮ ಟೌನ್ ಬಸ್ಸಿನ ಕಂಡಕ್ಟರನ ಹಾಗೆ. ರಾತ್ರಿಯಾಯಿತು, ದಿನ ಮುಗಿಯಿತು. ಮೂರನೇ ಊಟದ ಭಾರದಲ್ಲಿ ಬೀನ್ಸ್ ಎಂಬ ಪದವನ್ನೇ ಸಹಿಸಲಾಗದಾಯಿತು. ಐದು ದಿನಕ್ಕೆ ಆಷಾಢ ಹಿಡಿಯಿತು.

‘ಇನ್ನ ಆಡಿ ಕಳೀಲಿ ಅಕ್ಕಾ, ಆಗಸ್ಟ್ ಕೊನೆಗೆ ನೋಡೋಣ’ ಎಂದ ಕುಮರೇಸನ್. ಮುನಿರಾಜು ತೆಲುಗಿನಲ್ಲಿ ಅದನ್ನೇ ಹೇಳಿದ. ನಾನು ಕನ್ನಡದಲ್ಲಿ ಒಪ್ಪಿಕೊಂಡೆ. ಮೂರು ಭಾಷೆಯಲ್ಲೂ ನಮಗೆ ನೆಮ್ಮದಿಯಾಯಿತು.

ನೆಮ್ಮದಿ ಮುಂದಿನ ಭಾನುವಾರದವರೆಗೆ ಇತ್ತು. ಅಂದು ಪಾರ್ವತಮ್ಮ ಬಂದಳು. ಕೂರು ಎಂದರೆ ಕೂರಲಿಲ್ಲ.

‘ಏನಕ್ಕಾ, ನಿಮ್ ಮೂರ್ ಜನುದ್ ಪಂಚಾಂಗ ಮುಗಿಯೋಗಂಟ ನನ್ ಹೆಣ್ಮಕ್ಳು ಪರೀಕ್ಸೆ ಎಲ್ಲಿ ಬರೀತಾರೆ? ನಿಮ್ ಬಜ್ಜಿ ತಟ್ಟೆ ಮ್ಯಾಲಾ? ಅಡ್ಮಿಶನ್ ಎಲ್ಲಾ ಮಾಡ್ಕಂಬುಟ್ಟಿದೀನಿ. ಒಬ್ಬಳು ಹೂವಿನ್ ತೋಟದ ಕೂಲಿ ಬುಟ್ಟು ಬತ್ತಾವಳೆ, ಮನೇಲಿ ಗಂಡನ ಕೈಲಿ ಬೈಸ್ಕಂಡು. ಅವಳಿಗೆ ಏನಂತ ಹೇಳ್ಲಿ, ಆಸಾಡ ಕಣಮ್ಮಾ, ಕಂಪ್ಯೂಟ್ರು ತವರುಮನೆಗೆ ಹೋಗ್ಯದೆ ಅಂತನಾ?’

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ನಾಚಿಕೆಯೇ ಹೆಚ್ಚಾಯಿತು. ಅವಳಿಗೆ ಮುದ್ದೆ ಬಡಿಸಿ, ಜುಲೈ ಮುಗಿಯುವುದರೊಳಗೆ ಕೊಡುತ್ತೇನೆಂದು ಮಾತು ಕೊಟ್ಟು ಬಸ್ಸು ಹತ್ತಿಸಿದೆ. ಮನೆಗೆ ಬಂದು ಗೋಡೆಯ ಮುಂದೆ ನಿಂತೆ. ಆಗ ನನಗೆ ಜ್ಞಾನೋದಯವಾಯಿತು. ಒಳ್ಳೆಯ ದಿನ ಎಲ್ಲರಿಗೂ ಬೇಕು, ಆದ್ದರಿಂದ ಅಂದು ಯಾರೂ ಸಿಗುವುದಿಲ್ಲ. ಯಾರಿಗೂ ಬೇಡವಾದ ದಿನ ಹಿಡಿದರೆ? ಹುಡುಕಿದೆ. ಜುಲೈ ಕೊನೆಯ ಕಡೆ ಒಂದು ಶನಿವಾರ ಇತ್ತು. ನಮಗೆ ಆಷಾಢ, ತಮಿಳರಿಗೆ ಆಡಿ, ತೆಲುಗಿನಲ್ಲೂ ಶೂನ್ಯಮಾಸ, ಮೇಲೆ ಅಷ್ಟಮಿ. ಅಂಥ ಹದವಾಗಿ ಕೆಟ್ಟ ದಿನ ಹುಡುಕಿದರೂ ಸಿಗುವುದಿಲ್ಲ. ಅದರಲ್ಲೂ ಬೆಳಿಗ್ಗೆ ಒಂಬತ್ತರಿಂದ ರಾಹುಕಾಲ; ಆ ಹೊತ್ತಿಗೆ ಹಾಲಿನ ಬಾಕಿ ಕೇಳಲು ಕೂಡ ಯಾರೂ ಫೋನ್ ಮಾಡುವುದಿಲ್ಲ.

ಒಪ್ಪಿಸುವುದು ಉಳಿಯಿತು. ಕುಮರೇಸನ್ನನಿಗೆ ‘ಹೋದ ವರ್ಷ ವಾಷಿಂಗ್ ಮೆಷಿನ್ ಯಾವಾಗಪ್ಪ ತಂದೆ?’ ಎಂದು ಕೇಳಿದೆ. ‘ಆಡಿ ತಳ್ಳುಬಡಿಯಲ್ಲಿ’ ಎಂದ. ತಳ್ಳುಬಡಿ ಎಂದರೆ ರಿಯಾಯಿತಿ ಮಾರಾಟ. ಆಡಿಯಲ್ಲಿ ಹೊಸೂರಿನ ಅಂಗಡಿಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ‘ಆಡಿಯಲ್ಲಿ ವಾಷಿಂಗ್ ಮೆಷಿನ್ ಮನೆಗೆ ಬರಬಹುದು, ಬೀನ್ಸ್ ಹೊರಗೆ ಹೋಗಬಾರದಾ?’ ಎಂದೆ. ಅವನು ಗಲ್ಲ ಕೆರೆದುಕೊಂಡ. ಮುನಿರಾಜುಗೆ ‘ನಿಮ್ಮ ಹೊಲಕ್ಕೆ ರಾಗಿ ಯಾವಾಗ ಬಿತ್ತುತ್ತೀರಿ?’ ಎಂದೆ. ‘ಮಳೆ ಬಿದ್ರೆ ಆಷಾಢದಾಗೇ ಅಕ್ಕಾ, ಮಳೆ ಏನು ಪಂಚಾಂಗ ಕೇಳುತ್ತಾ?’ ಎಂದವನು, ತಾನೇ ಹೇಳಿದ್ದು ತನಗೇ ಕೇಳಿಸಿ, ನಕ್ಕುಬಿಟ್ಟ. ಇಬ್ಬರೂ ತಲೆ ಆಡಿಸಿದರು. ಆಡಿಸಿದ ತಲೆಯೊಳಗೆ ಮಾತ್ರ ‘ಮನೆಯಲ್ಲಿ ಏನನ್ನುತ್ತಾರೋ’ ಎಂಬುದು ಇನ್ನೂ ಕೂತಿರುವುದು ನನಗೆ ಕಾಣುತ್ತಿತ್ತು.

ಅದನ್ನು ಎಬ್ಬಿಸಿದವರು ನಮ್ಮ ಯಜಮಾನರು. ಅಂದು ಹಿತ್ತಲಲ್ಲಿ ನನ್ನ ಜೊತೆ ಕಡಲೆಕಾಯಿ ಬಿಡಿಸುತ್ತ ಕೂತವರು ತಮ್ಮಷ್ಟಕ್ಕೆ ಹೇಳಿದರು: ‘ನಮ್ಮಪ್ಪ ಅಲ್ವಾ ಹುಷಾರು. ಮಂಗಳವಾರ ಊರಿಗೆ ಹೋಗ್ಲೇಬೇಕು ಅಂದ್ರೆ, ಸೋಮವಾರನೇ ಒಳ್ಳೆ ಗಳಿಗೇಲಿ ಬಟ್ಟೆ ಗಂಟು ತಕ್ಕಂಡೋಗಿ ಪಕ್ಕದ ಮನೇಲಿ ಇಟ್ಬುಡೋನು. ಪರಸ್ತಾನ ಅಂತ. ಗಂಟು ಹೊಂಟ್ರೆ ಮನುಷ್ಯ ಹೊಂಟಂಗೆ. ಆಮ್ಯಾಕೆ ಅವನು ಯಾವಾಗ ಹೋದ್ರೂ ದೋಷ ಇಲ್ಲ.’

ನಾನು ಕಡಲೆಕಾಯಿ ಅಲ್ಲೇ ಬಿಟ್ಟು ಕುಮರೇಸನ್ನನಿಗೆ ಫೋನ್ ಮಾಡಿದೆ. ಪ್ರಸ್ಥಾನದ ವಿಷಯ ಹೇಳಿದೆ. ‘ಅಯ್ಯೋ ಅಕ್ಕಾ, ಇದೆಲ್ಲ ನಂಬ್ತೀರಾ?’ ಎಂದು ಜೋರಾಗಿ ನಕ್ಕ. ನಕ್ಕು ಮುಗಿಸಿ, ‘ನಮ್ಮ ಸರ್ವರಿಗೆ ಒಂದು ಮಿರರ್ ಇದೆ. ನಮ್ಮ ಫೈಲುಗಳ ಇನ್ನೊಂದು ಪ್ರತಿ ಅದರಲ್ಲಿರುತ್ತೆ. ಅದನ್ನ ಪಕ್ಕದ ಮನೆ ಅಂದ್ಕೋಬಹುದಲ್ವಾ? ಈ ಬುಧವಾರ ಬೆಳಿಗ್ಗೆ ನಲ್ಲ ನೇರಂ ಇದೆ’ ಎಂದ. ನಲ್ಲ ನೇರಂ ಎಂದರೆ ಒಳ್ಳೆಯ ಹೊತ್ತು. ಅವರ ಕ್ಯಾಲೆಂಡರಿನಲ್ಲಿ ಪ್ರತಿದಿನವೂ ಅಚ್ಚಾಗಿರುತ್ತದೆ. ನಂಬದವನ ಬಾಯಲ್ಲಿ ಅದು ಎಷ್ಟು ಬೇಗ ಬಂತು ನೋಡಿ. ಮುನಿರಾಜು ಬಾಗಲೂರಿನಿಂದ ‘ನಾಕಂಟೂ ಇದೆಲ್ಲಾ ಲೇದಕ್ಕಾ, ನಂಗೆ ನಂಬಿಕೆ ಇಲ್ಲ, ನಿಮ್ಮ ತೃಪ್ತಿಗೆ’ ಎಂದವನು ಮಂಗಳವಾರ ಮುಗಿಯಲಿ ಎಂದು ಕಾದು, ಬುಧವಾರ ಹೊತ್ತು ಹುಟ್ಟಿದ ಕೂಡಲೇ ಸಹಿ ಹಾಕಿಕೊಟ್ಟ. ಕುಮರೇಸನ್ ನಲ್ಲ ನೇರಂನಲ್ಲಿ ಬೀನ್ಸನ್ನು ಮಿರರಿಗೆ ಏರಿಸಿದ. ಪ್ರಕಟಣೆ ಇಲ್ಲ, ಸದ್ದಿಲ್ಲ. ಗಂಟು ಪಕ್ಕದ ಮನೆಯಲ್ಲಿ ಕೂತಿತು. ನಾನು ಒಂದು ಊದುಬತ್ತಿ ಹಚ್ಚಿದೆ. ಅದು ಸೊಳ್ಳೆಗೆ.

ಪಾರ್ವತಮ್ಮನಿಗೆ ಮಾತ್ರ ಇದನ್ನು ಯಾರೂ ಹೇಳಲಿಲ್ಲ. ಹೇಳಿದರೆ ಮತ್ತೆ ಪಂಚಾಂಗವಾ ಎಂದು ಬೈಯುತ್ತಾಳೆಂಬ ಹೆದರಿಕೆ ಮೂವರಿಗೂ ಇತ್ತು. ಶನಿವಾರ ಕೊಡುತ್ತೇವೆ ಎಂದಷ್ಟೇ ಅವಳಿಗೆ ಗೊತ್ತು.

ಆ ಶನಿವಾರವನ್ನು ನಾನು ಮರೆಯುವುದಿಲ್ಲ. ಮದುವೆ ಇಲ್ಲ, ಮುಂಜಿ ಇಲ್ಲ, ನಾಮಕರಣ ಇಲ್ಲ. ಗುಲಾಬಿಗೆ ಕೇಳುವವರಿಲ್ಲದೆ ಮುನಿರಾಜು ನಮ್ಮ ನಡುಮನೆಯಲ್ಲೇ ಕಾಲುಚಾಚಿ ಕೂತಿದ್ದ. ಕುಮರೇಸನ್ ಕೆಲಸ ಮಾಡುವ ಕಾರ್ಖಾನೆಗೆ ರಜೆ. ಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಟು, ರಾಹುಕಾಲ ಶುರುವಾಗುವುದನ್ನು ಕಾದು ಕೂತ ಹೆಂಗಸು ಹೊಸೂರಿನಲ್ಲಿ ಅಂದು ನಾನೊಬ್ಬಳೇ ಇರಬೇಕು. ಗಡಿಯಾರ ಒಂಬತ್ತು ಹೊಡೆದದ್ದೇ, ಅಭ್ಯಾಸ ಮಾಡಿಕೊಂಡಿದ್ದ ಗಂಭೀರ ಮುಖದಲ್ಲಿ, ಮೂರು ಭಾಷೆಯ ಪ್ರಕಟಣೆಯ ಗುಂಡಿ ಒತ್ತಿದೆ. ‘ಹೊಂಗೆಯ ಹೊಸ ಆವೃತ್ತಿ ಬೀನ್ಸ್ ಇದೀಗ ಬಿಡುಗಡೆಯಾಗಿದೆ.’ ನಮ್ಮ ಯಜಮಾನರು ಕೂಡ ಪೇಪರ್ ಮಡಿಸಿದರು. ಎಲ್ಲೂ ಏನೂ ಕೆಡಲಿಲ್ಲ, ಕರೆಂಟೂ ಹೋಗಲಿಲ್ಲ.

ಮೊದಲ ಫೋನ್ ಪಾರ್ವತಮ್ಮನದು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ.

‘ಅಕ್ಕಾ, ಏನೋ ಬಿಡುಗಡೆ ಆಯ್ತು ಅಂತ ಬಂದದಲ್ಲ, ಇದ್ಯಾವ್ದು? ಇನ್ನೊಂದಾ?’

‘ಇನ್ನೊಂದಲ್ಲ ಕಣೇ. ಇದೇ ಬೀನ್ಸು.’

‘ಅದು ಬುಧವಾರನೇ ಮಿರರ್‌ನಾಗೆ ಬಂದಿತ್ತಲ್ಲ! ನಾನು ದಿನಾ ಬೆಳಿಗ್ಗೆ ಕಸ ಗುಡಿಸಿದ್ಮ್ಯಾಕೆ ಎಲ್ಲಾ ಕಡೀನೂ ಒಂದ್ ಕಿತ ನೋಡ್ತಿದ್ದೆ, ಬಂತಾ ಬಂತಾ ಅಂತ. ಸಹಿ ನೋಡ್ದೆ, ಮುನಿರಾಜೂದೇ. ಒಂದಕ್ಕೆ ಹಾಕ್ದೆ, ಚೆನ್ನಾಗ್ ಎದ್ಕಂತು. ಗುರುವಾರ ಸಾಯಂಕಾಲದೊಳ್ಗೆ ಎಲ್ಲಾ ಮಿಷಿನ್ಗೂ ಹಾಕ್ಬುಟ್ಟೆ. ಪರೀಕ್ಸೆ ಸೈಟು ಓಪನ್ ಆಯ್ತದೆ, ನೋಡ್ಕಂಡಿದೀನಿ. ನೀವ್ ಹೇಳ್ದೆ ಕೊಟ್ರೆ ನಾನ್ ಹೇಳ್ದೆ ಹಾಕ್ಕಂಡೆ, ಅಷ್ಟೆ. ಇಡ್ಲಾ? ಒಲೆ ಮ್ಯಾಲೆ ಸಾರಿದೆ.’

ಇಟ್ಟಳು. ಮುನಿರಾಜು ಚಾಚಿದ್ದ ಕಾಲು ಮಡಿಸಿಕೊಂಡ. ಕುಮರೇಸನ್ ಮಿರರಿನ ಲೆಕ್ಕ ತೆರೆದು ನೋಡಿದ. ಸೂಳಗಿರಿಯಷ್ಟೇ ಅಲ್ಲ, ಧರ್ಮಪುರಿಯಲ್ಲೊಬ್ಬರು, ಇನ್ನೂ ಯಾರ್ಯಾರೋ ಇಳಿಸಿಕೊಂಡಿದ್ದರು. ನಾವು ಸ್ನಾನಮಾಡಿ ಕೂತು ಕಳಿಸಿಕೊಡುವ ಮೊದಲೇ ಪಕ್ಕದ ಮನೆಯಲ್ಲಿಟ್ಟ ಗಂಟು ಊರು ತಲುಪಿ, ಉಂಡು, ಕೆಲಸಕ್ಕೂ ಸೇರಿಯಾಗಿತ್ತು.

‘ನಮ್ಮಪ್ಪನೂ ಒಂದ್ಸಲ ಹಿಂಗೇ’ ಎಂದು ಯಜಮಾನರು ಶುರುಮಾಡಿದರು. ನಾನು ಅವರ ಕಡೆ ನೋಡಿದೆ. ಅವರು ಪೇಪರ್ ಬಿಚ್ಚಿದರು.

ಆಗಸ್ಟಿನಲ್ಲಿ ಪಾರ್ವತಮ್ಮನ ಬ್ಯಾಚು ಶುರುವಾಯಿತು. ಮೊದಲ ದಿನ ನನ್ನನ್ನು ಕರೆಸಿ, ಹೊಗಳಿ, ನಾಲ್ಕು ಮಾತಾಡಿ ಎಂದು ನಿಲ್ಲಿಸಿದಳು. ‘ನೋಡ್ರಮ್ಮಾ, ಈ ಅಕ್ಕ ಪ್ಲ್ಯಾನ್ ಮಾಡಿದ್ರಿಂದ ನಮ್ಗೆ ಹೇಳಿದ್ ದಿನುಕ್ಕಿಂತ ಮುಂಚೇನೇ ಕೈಗೆ ಬಂತು. ಹಂಗಿರ್ಬೇಕು’ ಎಂದಳು. ಅವಳ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಇಪ್ಪತ್ತು ಚಿಲ್ಲರೆ ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ಯೋಜನೆಯ ಮಹತ್ವದ ಬಗ್ಗೆ ಮಾತಾಡಿದೆ. ಮೊದಲು ಗುರಿ, ಆಮೇಲೆ ದಿನ, ಆಮೇಲೆ ಯಾರು ಯಾವ ಕೆಲಸ ಎಂಬ ಹಂಚಿಕೆ, ಎಲ್ಲಕ್ಕಿಂತ ಮುಖ್ಯ ಕಟ್ಟುನಿಟ್ಟು ಎಂದೆ. ಹೇಳುತ್ತ ಹೇಳುತ್ತ ನನಗೇ ನಂಬಿಕೆ ಬರತೊಡಗಿತು, ದನಿ ಏರಿತು, ಕೈ ಬೀಸಿ ಮಾತಾಡುವ ಮಟ್ಟಕ್ಕೂ ಹೋದೆ.

ಮೂರನೇ ಸಾಲಿನಲ್ಲಿ ಹೆಚ್ಚುಕಡಿಮೆ ನನ್ನ ವಯಸ್ಸಿನವಳೊಬ್ಬಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಹೂವಿನ ತೋಟದ ಕೂಲಿ ಬಿಟ್ಟು ಬಂದವಳು ಅವಳೇ ಎಂದು ಪಾರ್ವತಮ್ಮ ನನ್ನ ಕಿವಿಯಲ್ಲಿ ಹೇಳಿದಳು.

‘ಒಂದ್ ಮಾತ್ ಕೇಳ್ಬೋದಾ ಮೇಡಂ? ನಾಳೆ ನಾವೂ ಕಂಪ್ನೀಗೆ ಸೇರ್ದಾಗ ಕೇಳ್ತಾರೆ ಅಂತ ಅಂದ್ಕಂಡೆ. ಶನಿವಾರದ್ದು ಬುಧವಾರನೇ ಕೊಡ್ಬೇಕು ಅಂದ್ರೆ, ಹೆಂಗ್ ಪ್ಲ್ಯಾನ್ ಮಾಡ್ಬೇಕು?’

ಎಲ್ಲರೂ ಪೆನ್ನು ಹಿಡಿದು ನನ್ನನ್ನೇ ನೋಡಿದರು. ಗಂಡನ ಕೈಲಿ ಬೈಸಿಕೊಂಡು ಬಂದು ಕೂತ ಹೆಂಗಸು, ನಿಜವಾಗಿಯೂ ಕಲಿಯಲೆಂದೇ ಕೇಳುತ್ತಿದ್ದಳು. ನಾನು ಒಂದು ಲೋಟ ನೀರು ಕುಡಿದೆ. ಇನ್ನೊಂದು ಲೋಟ ಕೊಡಿ ಎಂದೆ. ಅದನ್ನೂ ಕುಡಿದು, ಆದಷ್ಟೂ ಸ್ಪಷ್ಟವಾಗಿ ಹೇಳಿದೆ:

‘ಕೊಡಬೇಕಾದ್ದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ.’

ಎಲ್ಲರೂ ಬರೆದುಕೊಂಡರು. ಪಾರ್ವತಮ್ಮ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ, ಕೆಳಗೆ ನನ್ನ ಹೆಸರು ಹಾಕಿ, ಗೋಡೆಗೆ ಅಂಟಿಸಿದ್ದಾಳೆ. ಸೂಳಗಿರಿಯ ಕಡೆ ಹೋದಾಗ ನಾನು ಆ ಮಹಡಿ ಹತ್ತುವುದಿಲ್ಲ.